ಹಿತ್ತಿಲ ಹಂದಿಯ ಜಮಾಖರ್ಚು

ಬಾಂದ್ರಾ ಎಂದೊಡನೆ ಇಂದಿನ ವಾಚಕರಿಗೆ ಚಲಚ್ಚಿತ್ರ ತಾರೆಯರ ನಿವಾಸಗಳೂ ಸಮುದ್ರಸೇತುವೆಯೂ ಚದರಡಿಯ ಲೆಕ್ಕದಲ್ಲಿ ಮಾರಾಟವಾಗುವ ದುಬಾರಿ ಮಹಡಿಮನೆಗಳೂ ನೆನಪಿಗೆ ಬರುವುದು ಸಹಜ. ಆದರೆ ಅದೇ ಬಾಂದ್ರಾ ಒಂದು ಕಾಲದಲ್ಲಿ ಸಾಷ್ಟಿ (ಸಾಲ್ಸೆಟ್) ದ್ವೀಪದ ದಕ್ಷಿಣಾಗ್ರದಲ್ಲಿ, ಭತ್ತದ ಗದ್ದೆಗಳ ನಡುವೆ ಚದುರಿಕೊಂಡಿದ್ದ ಪಾಖಾಡಿಗಳ, ಎಂದರೆ ಪುಟ್ಟ ಕೇರಿಗಳ, ಸಮುಚ್ಚಯವಾಗಿತ್ತೆಂಬುದನ್ನೂ, ಆ ಪಾಖಾಡಿಗಳ ಕ್ರೈಸ್ತ ಕೃಷಿಕರ ಹಿತ್ತಿಲುಗಳಲ್ಲಿ ಕೋಳಿಗಳ ಜೊತೆಗೆ ಒಂದೆರಡು ಹಂದಿಗಳೂ ಬೆಳೆಯುತ್ತಿದ್ದವೆಂಬುದನ್ನೂ ಬಲ್ಲವರು ವಿರಳ. ಹಂದಿಯನ್ನು ಮನೆಯಲ್ಲಿ ಸಾಕಿದರೆ ಮಾಂಸವು ಪುಕ್ಕಟೆಯಾಗಿ ದೊರೆಯುವುದೆಂಬ ನಂಬಿಕೆ ಕರಾವಳಿಯಲ್ಲಿಯೂ ಕೊಡಗಿನಲ್ಲಿಯೂ ಇಂದಿಗೂ ಇದೆ. ಈ ನಂಬಿಕೆ ಎಷ್ಟರ ಮಟ್ಟಿಗೆ ಸತ್ಯವೆಂಬುದನ್ನು ಪರೀಕ್ಷಿಸುವುದಕ್ಕೆ ಬಾಂದ್ರಾಕ್ಕಿಂತ ಉತ್ತಮವಾದ ನಿದರ್ಶನ ಸಿಕ್ಕುವುದು ಕಷ್ಟ. ಏಕೆಂದರೆ ಹಂದಿ ಸಾಕುವುದು ಅಲ್ಲಿ ಏಕೆ ಅಗ್ಗವಾಗಿತ್ತು, ಮುಂದೆ ಏಕೆ ಅಸಾಧ್ಯವಾಯಿತು ಎಂಬೆರಡು ಪ್ರಶ್ನೆಗಳಿಗೂ ಅದರ ಚರಿತ್ರೆಯೇ ಉತ್ತರ ಹೇಳುತ್ತದೆ.

1534ರ ವಸಯಿಯ ಒಪ್ಪಂದದಿಂದ ಸಾಷ್ಟಿಯು ಪೋರ್ಚುಗೀಸರ ವಶವಾಯಿತು. ಅನಂತರ ಇಲ್ಲಿನ ಬೆಸ್ತರೂ ಒಕ್ಕಲಿಗರೂ ಬಹುಸಂಖ್ಯೆಯಲ್ಲಿ ಕ್ರೈಸ್ತಮತವನ್ನು ಅಂಗೀಕರಿಸಿದರು. ಜೆಸ್ಯೂಟ್ ಪಾದ್ರಿಗಳು 1575ರಲ್ಲಿ ಕಟ್ಟಿಸಿದ ಸಂತ ಆಂಡ್ರೂಸರ ಇಗರ್ಜಿ ಬಾಂದ್ರಾದ ಕಡಲಂಚಿನಲ್ಲಿ ಈಗಲೂ ನಿಂತಿದೆ. 1739ರಲ್ಲಿ ಮರಾಠರ, ಆ ಶತಮಾನದ ಕಡೆಯ ಭಾಗದಲ್ಲಿ ಆಂಗ್ಲರ ಆಳ್ವಿಕೆಗೆ ಒಳಪಟ್ಟರೂ ಈ ಜನರ ಭಾಷೆ ಮರಾಠಿಯಾಗಿಯೇ ಉಳಿಯಿತು, ವೃತ್ತಿ ಬೇಸಾಯವಾಗಿಯೇ ಮುಂದುವರಿಯಿತು. ಮುಂಬಯಿಯ ಕಚೇರಿಗಳಲ್ಲಿ ಉದ್ಯೋಗವನ್ನರಸಿ ಗೋವೆಯಿಂದಲೂ ನಮ್ಮ ಮಂಗಳೂರಿನಿಂದಲೂ ಕ್ರೈಸ್ತರು ಬರತೊಡಗಿದಾಗ, ತಾವು ಅವರಿಂದ ಭಿನ್ನರು, ಈ ನೆಲದ ಮೂಲನಿವಾಸಿಗಳು ಎಂದು ತೋರಿಸಿಕೊಳ್ಳುವುದಕ್ಕಾಗಿ ಇವರು 1887ರಲ್ಲಿ ಈಸ್ಟ್ ಇಂಡಿಯನ್ ಎಂಬ ಹೆಸರನ್ನು ಧರಿಸಿದರು. ಹೆಸರಿನಲ್ಲಿ ಭೇದವಿದ್ದರೂ ಪಾಕಶಾಲೆಯಲ್ಲಿ ಸಾಮ್ಯವೇ ಹೆಚ್ಚು. ಈಸ್ಟ್ ಇಂಡಿಯನ್ನರ ಮದುವೆಯ ಊಟದಲ್ಲಿ ಹಂದಿಮಾಂಸದ ಇಂದಿಯಾಲವೂ ಸೊರ್ಪೊತೆಲ್ಲೂ ಫುಗಿಯಾಗಳೂ ಇರತಕ್ಕದ್ದು. ಮಂಗಳೂರಿನವರ ಹಬ್ಬದಲ್ಲಿ ದುಕ್ರಾಮಾಸ್ ಮತ್ತು ಸಣ್ಣಗಳಿರತಕ್ಕದ್ದು. ಇವರಿಬ್ಬರಿಗೂ ಹಿತ್ತಿಲ ಹಂದಿ ಎಂದರೆ ದಿನನಿತ್ಯದ ಆಹಾರವಲ್ಲ, ಮುಂಬರುವ ಮದುವೆಗೋ ಕ್ರಿಸ್‌ಮಸ್ಸಿಗೋ ಆರೇಳು ತಿಂಗಳ ಮೊದಲೇ ಕೂಡಿಡತೊಡಗಿದ ನಿಧಿ.

ಈ ನಿಧಿಯ ಸ್ವರೂಪವನ್ನು ತಿಳಿಯಬೇಕಾದರೆ ಪ್ರಾಣಿಯ ಪ್ರಕೃತಿಯನ್ನು ಸ್ವಲ್ಪ ಅರಿತಿರಬೇಕು. ದನ ಕುರಿಗಳಂತೆ ಮೆಲುಕು ಹಾಕುವ ಜಠರ ಹಂದಿಗಿಲ್ಲ. ಆದುದರಿಂದ ಅದು ಬರಿಯ ಹುಲ್ಲಿನಿಂದ ಬೆಳೆಯಲಾರದು, ಮನುಷ್ಯನು ತಿನ್ನುವ ಧಾನ್ಯ ಗೆಡ್ಡೆಗಳನ್ನೇ ಅದೂ ಅಪೇಕ್ಷಿಸುತ್ತದೆ. ಆದರೆ ಮನುಷ್ಯನು ತಿಂದು ಬಿಟ್ಟದ್ದನ್ನು, ತಿನ್ನಲೊಲ್ಲದ್ದನ್ನು ಅದು ನಿರಾಕರಿಸುವುದಿಲ್ಲವೆಂಬುದರಲ್ಲಿಯೇ ಅದರ ಆರ್ಥಿಕ ಮಹತ್ತ್ವವೆಲ್ಲ ಅಡಗಿದೆ. ಗದ್ದೆಯಿರುವ ಮನೆಯಲ್ಲಿ ತೌಡೂ ನುಚ್ಚೂ ಇರುತ್ತವೆ. ಒಲೆಯ ಬದಿಯಲ್ಲಿ ಕಲಗಚ್ಚಿನ ಪಾತ್ರೆಯಿರುತ್ತದೆ. ಕಡಲು ಹತ್ತಿರವಿದ್ದರೆ ಮೀನಿನ ತಲೆ, ಕರುಳುಗಳೂ, ತೆಂಗಿದ್ದರೆ ಹಿಂಡಿಯೂ, ಹಿತ್ತಿಲಲ್ಲಿ ಕೆಸುವಿನ ದಂಟೂ ಹಲಸಿನ ರಚ್ಚೆಯೂ ದೊರೆಯುತ್ತವೆ. ಇವೆಲ್ಲಕ್ಕೂ ಪೇಟೆಯಲ್ಲಿ ಬೆಲೆಯಿಲ್ಲದಿದ್ದಾಗ, ಬೆಲೆಯಿಲ್ಲದ್ದನ್ನು ಬೆಲೆಯುಳ್ಳದ್ದಾಗಿ ಪರಿವರ್ತಿಸುವ ಪ್ರಾಣಿ ಇದೊಂದೇ ಎನ್ನಬಹುದು. ಐರ್ಲೆಂಡಿನ ಬಡ ಒಕ್ಕಲುಗಳು ಹಂದಿಯನ್ನು ಗೇಣಿ ತೆರುವ ಮಹನೀಯನೆಂದು ಕರೆಯುತ್ತಿದ್ದುದೂ, 1822ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾದ ತನ್ನ ಗೃಹಾರ್ಥಿಕ ಗ್ರಂಥದಲ್ಲಿ ಇಂಗ್ಲೆಂಡಿನ ವಿಲಿಯಂ ಕಾಬೆಟ್ ಕೂಲಿಕಾರನ ಗುಡಿಸಲಿಗೆ ಹಂದಿಯನ್ನು ಆವಶ್ಯಕವೆಂದು ಎಣಿಸಿದುದೂ ಈ ಕಾರಣದಿಂದಲೇ.

ಇನ್ನು ಲೆಕ್ಕಕ್ಕೆ ಬರೋಣ. ಮಾಂಸಕ್ಕಾಗಿ ಸಾಕುವ ಗೃಹಸ್ಥನು ಸಾಮಾನ್ಯವಾಗಿ ಹೆಣ್ಣುಹಂದಿಯನ್ನು ಇಟ್ಟುಕೊಳ್ಳುವುದಿಲ್ಲ. ಅದರ ಗರ್ಭಾವಧಿ 114 ದಿನ. ಒಂದು ಸೂಲಿಗೆ ಎಂಟು ಹತ್ತು ಮರಿಗಳನ್ನು ಈಯುತ್ತದೆಂಬುದು ನಿಜವಾದರೂ, ಈಯದ ದಿನಗಳಲ್ಲಿಯೂ ಅದಕ್ಕೆ ಮೇವನ್ನು ಹಾಕಲೇಬೇಕಷ್ಟೆ. ಆದುದರಿಂದ ಹಾಲು ಬಿಟ್ಟ, ಸುಮಾರು ಎರಡು ತಿಂಗಳ, 12 ಕಿಲೋ ತೂಕದ ಬೀಜ ತೆಗೆದ ಮರಿಯನ್ನು ಕೊಳ್ಳುವುದೇ ಮಿತವ್ಯಯದ ಮಾರ್ಗ. ದೊಡ್ಡ ಬಿಳಿಯ ಯಾರ್ಕ್‌ಷೈರ್ ಜಾತಿಯ, ಅಥವಾ ಅದರ ಮಿಶ್ರತಳಿಯ ಮರಿಯು ಒಳ್ಳೆಯ ಆರೈಕೆಯಲ್ಲಿ ದಿನಕ್ಕೆ 450 ಗ್ರಾಂನಂತೆ ಬೆಳೆದು ಇನ್ನಾರು ತಿಂಗಳಲ್ಲಿ 90 ಕಿಲೋ ತೂಗುವುದೆಂದು ಇಟ್ಟುಕೊಳ್ಳಬಹುದು. ಒಂದು ಕಿಲೋ ಮೈಗೂಡುವುದಕ್ಕೆ ಮೂರೂವರೆ ಕಿಲೋ ಒಣಮೇವು ಬೇಕಾಗುವುದರಿಂದ, ಹೆಚ್ಚಿದ 78 ಕಿಲೋ ತೂಕಕ್ಕಾಗಿ 273 ಕಿಲೋ ಮೇವು ವ್ಯಯವಾಗುತ್ತದೆ.

ಬೆಲೆಗಳು ಊರಿನಿಂದೂರಿಗೆ ಬೇರೆಯಾಗುವುದರಿಂದ ಇಲ್ಲಿ ಕೊಡುವ ರೂಪಾಯಿಗಳು ಕೇವಲ ಉದಾಹರಣೆಗಾಗಿ. ವಾಚಕರು ತಮ್ಮ ಊರಿನ ಧಾರಣೆಯನ್ನು ಇವುಗಳ ಸ್ಥಾನದಲ್ಲಿ ಇಟ್ಟುಕೊಳ್ಳತಕ್ಕದ್ದು. ಮೇವು ಕಿಲೋ ಒಂದಕ್ಕೆ 30 ರೂಪಾಯಿಯಾದರೆ 273 ಕಿಲೋಗೆ 8,190 ರೂಪಾಯಿ. ಮರಿಯ ಕ್ರಯ 4,000. ಜಂತುಹುಳುವಿನ ಔಷಧ, ಹಂದಿಜ್ವರದ ಚುಚ್ಚುಮದ್ದು ಮೊದಲಾದುವುಗಳಿಗೆ 500. 20,000 ರೂಪಾಯಿಯ ಗೂಡು ಹತ್ತು ವರ್ಷ ಬಾಳಿ, ವರ್ಷಕ್ಕೆರಡು ಹಂದಿಗಳನ್ನು ಸಾಕಿದರೆ ಒಂದರ ಪಾಲಿಗೆ 1,000. ಒಟ್ಟು 13,690 ರೂಪಾಯಿ. ಇದರಲ್ಲಿ ಮೇವಿನ ವೆಚ್ಚವೇ ಪ್ರಧಾನವೆಂಬುದನ್ನು ಗಮನಿಸಬೇಕು. ದೊಡ್ಡ ಸಾಕಣೆಕೇಂದ್ರಗಳಲ್ಲಿಯಂತೂ ಒಟ್ಟು ಖರ್ಚಿನ ಮುಕ್ಕಾಲು ಪಾಲು ಮೇವಿಗೇ ಹೋಗುತ್ತದೆ. 90 ಕಿಲೋ ತೂಗುವ ಹಂದಿಯನ್ನು ಕೊಯ್ದು, ಕೂದಲನ್ನೂ ಕರುಳನ್ನೂ ಕಳೆದರೆ ಎಲುಬೂ ಕೊಬ್ಬೂ ಸೇರಿ ಸುಮಾರು 65 ಕಿಲೋ ಉಳಿಯುವುದರಿಂದ, ಮಾಂಸದ ಅಸಲು ಬೆಲೆ ಕಿಲೋಗೆ 211 ರೂಪಾಯಿ ಬೀಳುತ್ತದೆ.

ಈ ಲೆಕ್ಕದಲ್ಲಿ ಒಂದು ಬಾಬು ಕಾಣೆಯಾಗಿದೆ, ಅದು ದುಡಿಮೆಯದು. ಮೇವು ಬೇಯಿಸುವುದು, ನೀರು ಹೊರುವುದು, ಗೂಡನ್ನು ತೊಳೆಯುವುದು—ಇವುಗಳಿಗೆಲ್ಲ ದಿನಕ್ಕೆ ಒಂದು ಗಂಟೆಯಾದರೂ ಬೇಕು. ಎರಡು ಹಂದಿಗಳನ್ನು ಕೂಡಿಯೇ ಸಾಕಿದರೆ ಆರು ತಿಂಗಳಲ್ಲಿ ಒಂದರ ಪಾಲಿಗೆ 90 ಗಂಟೆ. ಗಂಟೆಗೆ 50 ರೂಪಾಯಿಯಂತೆ 4,500 ರೂಪಾಯಿ. ಇದನ್ನು ಸೇರಿಸಿದರೆ ಅಸಲು 280 ರೂಪಾಯಿಗೆ ಏರುತ್ತದೆ. ಇದಕ್ಕೆ ಪ್ರತಿಯಾಗಿ, ಅರ್ಧದಷ್ಟು ಮೇವು ಮನೆಯ ಕಲಗಚ್ಚಿನಿಂದಲೂ ಹಿತ್ತಿಲ ಗೆಡ್ಡೆಗೆಣಸುಗಳಿಂದಲೂ ಒದಗಿ, ದುಡಿಮೆಗೆ ಬೆಲೆ ಕಟ್ಟದೆ ಬಿಟ್ಟರೆ ಅದೇ ಅಸಲು 148 ರೂಪಾಯಿಗೆ ಇಳಿಯುತ್ತದೆ. ಹೀಗೆ 148ಕ್ಕೂ 280ಕ್ಕೂ ನಡುವಣ ಅಂತರವು ಹಂದಿಯ ಗುಣದಿಂದ ಹುಟ್ಟಿದ್ದಲ್ಲ. ಮನೆಯಲ್ಲಿ ಯಾವುದನ್ನು ಖರ್ಚೆಂದು ಬರೆದುಕೊಳ್ಳುತ್ತೇವೆ, ಯಾವುದನ್ನು ಬರೆದುಕೊಳ್ಳುವುದಿಲ್ಲ ಎಂಬುದರಿಂದ ಹುಟ್ಟಿದ್ದು. ಬಾಂದ್ರಾದ ಪಾಖಾಡಿಯಲ್ಲಾಗಲಿ ಮಂಗಳೂರಿನ ಬೈಲಿನಲ್ಲಾಗಲಿ ಈ ಬರೆದುಕೊಳ್ಳದ ಖರ್ಚನ್ನು ತೆತ್ತವರು ಬಹುಮಟ್ಟಿಗೆ ಮನೆಯ ಹೆಂಗಸರು. ಬೆಳಗಿನ ಗಂಜಿ ಬಸಿಯುವುದರೊಡನೆ ಹಂದಿಯ ಮಡಕೆಯನ್ನೂ ಒಲೆಗೆ ಏರಿಸುತ್ತಿದ್ದ ಅವರ ಶ್ರಮವು ಯಾವ ಕಡತದಲ್ಲಿಯೂ ದಾಖಲಾಗಲಿಲ್ಲ.

ಕೊಯ್ದ ಮೇಲಿನ ಮಿತವ್ಯಯವೂ ಉಲ್ಲೇಖಾರ್ಹವಾದುದು. ಯಕೃತ್ತು, ಹೃದಯ ಮೊದಲಾದ ಅಂಗಗಳನ್ನೂ ಕೆಲವೆಡೆ ರಕ್ತವನ್ನೂ ಸೇರಿಸಿ ಸಣ್ಣಗೆ ಹೆಚ್ಚಿ ಬೇಯಿಸುವ ಸೊರ್ಪೊತೆಲ್, ಅಂಗಡಿಯಲ್ಲಿ ಅಗ್ಗಕ್ಕೆ ಮಾರಿಹೋಗಬಹುದಾದ ಭಾಗಗಳಿಗೆ ಹಬ್ಬದ ಗೌರವವನ್ನು ತಂದುಕೊಟ್ಟಿತು. ಶೀತಲಪೆಟ್ಟಿಗೆಯಿಲ್ಲದ ಕಾಲದಲ್ಲಿ ವಿನೆಗರ್ ಸೇರಿದ ಆ ಪದಾರ್ಥವನ್ನು ದಿನವೂ ಕಾಯಿಸಿ ಹಲವು ದಿನ ಉಣ್ಣುತ್ತಿದ್ದರು. ಕೊಡಗಿನವರು ಪಂದಿಕರಿಗೆ ಹಾಕುವ ಕಾಚಂಪುಳಿಯ ಕಾರ್ಯವೂ ಬಹಳ ಭಿನ್ನವಲ್ಲ. 65 ಕಿಲೋ ಮಾಂಸವನ್ನು ಒಂದೇ ಸಂಸಾರವು ಕೆಡುವುದರೊಳಗೆ ಮುಗಿಸಲಾರದಾದುದರಿಂದ, ನೆರೆಹೊರೆಯವರಲ್ಲಿ ಪಾಲು ಹಂಚುವುದೂ, ಅವರ ಮನೆಯಲ್ಲಿ ಕೊಯ್ದಾಗ ಪ್ರತಿಪಾಲು ಪಡೆಯುವುದೂ ರೂಢಿಯಾಗುವುದು ಸಹಜವೇ.

ಈ ವ್ಯವಸ್ಥೆ ಬಾಂದ್ರಾದಲ್ಲಿ ಒಂದೇ ದಿನದಲ್ಲಿ ಅಳಿಯಲಿಲ್ಲ. 1845ರಲ್ಲಿ, ಆವಾಬಾಯಿ ಜಮ್ಷೆಟ್‌ಜಿ ಜೀಜೀಭಾಯಿಯವರ ಔದಾರ್ಯದಿಂದ ಮಾಹಿಮಿನ ಸೇತುಮಾರ್ಗವಾದಾಗ ದ್ವೀಪನಗರಕ್ಕೂ ಸಾಷ್ಟಿಗೂ ನಡುವಣ ಖಾರಿ ದಾಟಲು ದೋಣಿ ಬೇಡವಾಯಿತು. 1867ರಿಂದ ಉಪನಗರದ ರೈಲುಬಂಡಿಯೂ ಓಡತೊಡಗಿತು. 1896ರ ಪ್ಲೇಗಿಗೆ ಹೆದರಿದ ಜನರು ಕಿಕ್ಕಿರಿದ ಪೇಟೆಯನ್ನು ಬಿಟ್ಟು ಬಯಲಿನ ಗಾಳಿಯನ್ನು ಬಯಸಿ ಬಂದರು. 1918ರಲ್ಲಿ ಸಾಲ್ಸೆಟ್ ಕ್ಯಾಥೊಲಿಕ್ ಸಹಕಾರಿ ಗೃಹನಿರ್ಮಾಣ ಸಂಘ ಸ್ಥಾಪಿತವಾಗಿ, ಗದ್ದೆಗಳು ನಿವೇಶನಗಳಾದವು. ಗದ್ದೆ ಹೋದ ಮೇಲೆ ಮನೆಯ ತೌಡು ಹೋಯಿತು. ತೌಡು ಹೋದ ಮೇಲೆ ಹಂದಿಗೆ ಹಣ ಕೊಟ್ಟು ಮೇವು ತರಬೇಕಾಯಿತು. ಹಿತ್ತಿಲಿನ ಬೆಲೆಯೇ ಏರಿದಾಗ, ಗೂಡು ನಿಂತ ನಾಲ್ಕು ಗಜ ನೆಲದ ಬಾಡಿಗೆಯು ಅದರೊಳಗಿನ ಪ್ರಾಣಿಯ ಕ್ರಯವನ್ನು ಮೀರಿತು. ಆಯುಕ್ತರ ಲಿಖಿತ ಅನುಮತಿಯಿಲ್ಲದೆ ಹಂದಿಯನ್ನು ಸಾಕಕೂಡದೆಂಬ ವಿಧಿಯನ್ನು ಒಳಗೊಂಡಿರುವ 1888ರ ಮುಂಬಯಿ ಮುನಿಸಿಪಲ್ ಕಾಯಿದೆಯ ವ್ಯಾಪ್ತಿಯೊಳಕ್ಕೆ, 1950ರಲ್ಲಿ ಬೃಹನ್ಮುಂಬಯಿಯ ಎಲ್ಲೆಗಳು ವಿಸ್ತರಿಸಿದಾಗ ಬಾಂದ್ರಾವೂ ಬಂದಿತು. ಬಾಂದ್ರಾದಲ್ಲಿದ್ದ ನಗರದ ಕಸಾಯಿಖಾನೆಯೂ 1971ರಲ್ಲಿ ದೇವನಾರಕ್ಕೆ ಸ್ಥಳಾಂತರಗೊಂಡಿತು. ರಣವಾರ, ಚಿಂಬಯಿ, ಪಾಲಿ ಮೊದಲಾದ ಗಾವಠಾಣಗಳಲ್ಲಿ, ಎಂದರೆ ಮೂಲ ಗ್ರಾಮಕೇರಿಗಳಲ್ಲಿ, ಹಳೆಯ ಮರದ ಜಗಲಿಗಳೂ ಶಿಲುಬೆಕಟ್ಟೆಗಳೂ ಉಳಿದಿವೆ. ಅಲ್ಲಿನ ಸಂಸಾರಗಳು ಹಬ್ಬದ ಮಾಂಸವನ್ನು ಅಂಗಡಿಯಿಂದ ಕೊಳ್ಳುತ್ತವೆ.

ನಗರವು ಹಂದಿಯನ್ನು ಹೊರದೂಡಿದುದು ಕೇವಲ ದುರ್ಗಂಧದ ದ್ವೇಷದಿಂದಲ್ಲವೆಂಬುದನ್ನೂ ಒಪ್ಪಬೇಕು. ಅಲೆದಾಡಿ ಮಲವನ್ನು ತಿನ್ನುವ ಹಂದಿಯ ಮಾಂಸದಲ್ಲಿ ಲಾಡಿಹುಳುವಿನ ಮರಿಗಳು ಗೂಡುಕಟ್ಟುತ್ತವೆ. ಸರಿಯಾಗಿ ಬೇಯದ ಮಾಂಸವನ್ನು ತಿಂದವನ ಕರುಳಿನಲ್ಲಿ ಅವು ಹುಳುವಾಗಿ ಬೆಳೆದು, ಅವನ ಮಲದ ಮೂಲಕ ಹರಡಿದ ಮೊಟ್ಟೆಗಳಿಂದ ಹೊರಟ ಮರಿಗಳು ಇನ್ನೊಬ್ಬನ ಮಿದುಳನ್ನು ಸೇರಿ ಮೂರ್ಛೆರೋಗಕ್ಕೆ ಕಾರಣವಾಗುತ್ತವೆ. ನಮ್ಮ ದೇಶದಲ್ಲಿ 1955ರಲ್ಲಿ ವೇಲೂರಿನ ಬಳಿ ಮೊದಲು ಗುರುತಿಸಲಾದ ಜಪಾನೀ ಮಿದುಳುಜ್ವರದ ವಿಷಾಣುವು ಹಂದಿಯ ಶರೀರದಲ್ಲಿ ವೃದ್ಧಿಯಾಗಿ, ಗದ್ದೆನೀರಿನಲ್ಲಿ ಹುಟ್ಟುವ ಸೊಳ್ಳೆಗಳ ಮುಖಾಂತರ ಮಕ್ಕಳಿಗೆ ತಗಲುತ್ತದೆ. ಕೊಟ್ಟಿಗೆಯ ಹೊರಗೆ ಬಿಟ್ಟು ಸಾಕಿದ ಹಂದಿಯು ಒಡೆಯನಿಗೆ ಅಗ್ಗವಾಗಿ ಕಂಡರೂ, ಉಳಿದ ಖರ್ಚು ನೆರೆಯವನ ಆರೋಗ್ಯದ ಖಾತೆಗೆ ಬರೆಯಲ್ಪಟ್ಟಿರುತ್ತದೆ.

ಎಂಜಲಿನ ಮೇವೂ ಹಾಗೆಯೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಪಟ್ಟಣವಾಸಿಗಳು ಸಂಘ ಕಟ್ಟಿಕೊಂಡು ಅಡುಗೆಮನೆಯ ಎಂಜಲಿನಿಂದ ಹಂದಿ ಸಾಕಿ ಮೆಚ್ಚುಗೆ ಪಡೆದರು. ಅದೇ ದೇಶವು, ಎಂಜಲಿನ ಮೇವಿನಿಂದ ಆರಂಭವಾಯಿತೆಂದು ನಂಬಲಾದ ಕಾಲುಬಾಯಿ ಜ್ವರದ ಮಹಾಮಾರಿಯ ತರುವಾಯ, 2001ರಲ್ಲಿ ಆ ಪದ್ಧತಿಯನ್ನೇ ನಿಷೇಧಿಸಿತು. ಭಾರತದಲ್ಲಿ 2020ರಲ್ಲಿ ಅಸ್ಸಾಮ್ ಮತ್ತು ಅರುಣಾಚಲಗಳಲ್ಲಿ ಕಾಣಿಸಿಕೊಂಡ ಆಫ್ರಿಕನ್ ಹಂದಿಜ್ವರವು ಮನುಷ್ಯರಿಗೆ ಅಂಟುವುದಿಲ್ಲವಾದರೂ, ಹೊಕ್ಕ ಗೂಡಿನಲ್ಲಿ ಹಂದಿ ಉಳಿಯುವುದು ಅಪರೂಪ. ಸೋಂಕಿದ ಮಾಂಸದ ತುಣುಕು ಕಲಗಚ್ಚಿನಲ್ಲಿ ಬೆರೆತರೂ ಅದು ಹರಡಬಲ್ಲದು. ಆದುದರಿಂದ ಎಂಜಲನ್ನು ಹಾಕಲೇಬೇಕಾದ ಮನೆಯವರು ಅದನ್ನು ಅರ್ಧ ಗಂಟೆಯಾದರೂ ಕುದಿಸಬೇಕು. ಆ ಸೌದೆಯೂ ಖರ್ಚೇ. ಹಂದಿಯು ಬೆವರಿ ಮೈಯನ್ನು ತಂಪುಮಾಡಿಕೊಳ್ಳಲಾರದ ಪ್ರಾಣಿಯಾದುದರಿಂದ ನಮ್ಮ ಬೇಸಗೆಯಲ್ಲಿ ನೆರಳೂ ನೀರೂ ಯಥೇಷ್ಟವಾಗಿ ಬೇಕು, ಅವೂ ಖರ್ಚೇ.

ಇಷ್ಟನ್ನು ಹೇಳಿದುದು ಸಾಕಬಯಸುವವರನ್ನು ಹೆದರಿಸುವುದಕ್ಕಲ್ಲ. ಕೊಡಗಿನಲ್ಲಿ, ದಕ್ಷಿಣ ಕನ್ನಡದಲ್ಲಿ, ಮನೆಗಳು ಒಂದಕ್ಕೊಂದು ದೂರವಿದ್ದು, ತೋಟದ ಗೆಡ್ಡೆಗೆಣಸೂ ಸಮೀಪದ ಗಿರಣಿಯ ತೌಡೂ ಸುಲಭವಾಗಿ ಸಿಕ್ಕುವಲ್ಲಿ, ಗೂಡಿನ ಗೊಬ್ಬರವನ್ನು ಕಾಫಿ ಅಡಕೆಗಳ ಬುಡಕ್ಕೆ ಹಾಕಬಲ್ಲವರಿಗೆ ಎರಡು ಹಂದಿಗಳನ್ನು ಸಾಕುವುದು ಇಂದಿಗೂ ಲಾಭಕರವೇ. ಒಂಟಿ ಹಂದಿಗಿಂತ ಜೋಡಿ ಹಂದಿ ಚೆನ್ನಾಗಿ ಮೇಯುತ್ತದೆ, ಶ್ರಮವೂ ಹಂಚಿಹೋಗುತ್ತದೆ. ತೊಡಗುವ ಮೊದಲು ಪಂಚಾಯತಿಯ ನಿಯಮವನ್ನು ವಿಚಾರಿಸಿ, ಪಶುವೈದ್ಯರನ್ನು ಕಂಡು, ಮರಿಯ ಕ್ರಯದಿಂದ ಹಿಡಿದು ಸೌದೆಯವರೆಗೆ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿರಿ. ಮನೆಯವರ ದುಡಿಮೆಯ ಗಂಟೆಗಳನ್ನೂ ಮರೆಯದೆ ಬರೆಯಿರಿ. ಆರು ತಿಂಗಳ ಬಳಿಕ ಆ ಮೊತ್ತವನ್ನು ಮಾಂಸದ ತೂಕದಿಂದ ಭಾಗಿಸಿ, ಬಂದ ಅಂಕೆ ಪೇಟೆಯ ಬೆಲೆಗಿಂತ ಕಡಿಮೆಯಾಗಿದ್ದರೆ ಮುಂದಿನ ಜೋಡಿಯನ್ನು ತನ್ನಿರಿ. ಹೆಚ್ಚಾಗಿದ್ದರೆ ಬಾಂದ್ರಾದವರಂತೆ ಅಂಗಡಿಯಲ್ಲಿ ಕೊಳ್ಳುವುದೇ ಲೇಸು.