ನಿಮಗಿದು ಗೊತ್ತೆ?: ಸುಮ್ಮನೆ ಕೂತರೆ ನೆನಪು ಗಟ್ಟಿ
ಎಡಿನ್‌ಬರ್ಗ್ ವಿಶ್ವವಿದ್ಯಾಲಯದ ಮೈಕೇಲಾ ಡ್ಯೂವರ್ ಮತ್ತು ಸಂಗಡಿಗರು ಹಿರಿಯ ವಯಸ್ಸಿನವರಿಗೆ ಎರಡು ಪುಟ್ಟ ಕತೆ ಕೇಳಿಸಿದರು. ಒಂದಾದ ಮೇಲೆ ಮಬ್ಬುಬೆಳಕಿನ ಕೋಣೆಯಲ್ಲಿ ಕಣ್ಣು ಮುಚ್ಚಿ 10 ನಿಮಿಷ ವಿಶ್ರಾಂತಿ; ಇನ್ನೊಂದರ ಬಳಿಕ ಅಷ್ಟೇ ಹೊತ್ತು ಎರಡು ಚಿತ್ರಗಳ ವ್ಯತ್ಯಾಸ ಹುಡುಕುವ ಆಟ. 7 ದಿನ ಕಳೆದ ಮೇಲೂ ವಿಶ್ರಾಂತಿಗೆ ಮೊದಲು ಕೇಳಿದ ಕತೆಯೇ ಹೆಚ್ಚು ನೆನಪಿತ್ತು! 2012ರಲ್ಲಿ ಪ್ರಕಟವಾದ ಈ ಫಲಿತಾಂಶ ಪ್ರತಿ ಶಾಲೆಗೂ ತಲುಪಬೇಕು. ಹೊಸ ನೆನಪು ನೆಲೆಯೂರಲು ಮಿದುಳಿಗೆ ಹೊತ್ತು ಬೇಕು. ಆಗಲೇ ಬೇರೆ ವಿಷಯ ನುಗ್ಗಿದರೆ ಅಡ್ಡಿ. ಪಾಠ ಓದಿ ಮುಗಿಸಿದೊಡನೆ ಮಕ್ಕಳು ಮೊಬೈಲ್ ಹಿಡಿದರೆ ಮಿದುಳಿಗೆ ಮತ್ತೊಂದು ಕೆಲಸ ಹಚ್ಚಿದಂತೆ. ಅಂದಹಾಗೆ, ದೇಹದ ತೂಕದಲ್ಲಿ ಸುಮಾರು 2% ಇರುವ ಮಿದುಳು, ನಾವು ಸುಮ್ಮನಿದ್ದಾಗಲೂ ದೇಹದ ಶಕ್ತಿಯಲ್ಲಿ ಸುಮಾರು 20% ಬಳಸುತ್ತದೆ.