ಮೆಕೆಂಝಿ ಟಾರ್ಟನ್

ಮೆಕೆಂಝಿ ಟಾರ್ಟನ್ ಎಂಬುದು ಸ್ಕಾಟ್ಲೆಂಡಿನ ಉತ್ತರ ಭಾಗದ ಮೆಕೆಂಝಿ ಮನೆತನದ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಚೌಕಳಿ ವಿನ್ಯಾಸದ ಉಣ್ಣೆಬಟ್ಟೆ. ಬ್ರಿಟಿಷ್ ಸೇನೆಯ ಎತ್ತರನಾಡಿನ ಪಡೆಗಳಲ್ಲಿಯೂ ಇದು ಸಮವಸ್ತ್ರವಾಗಿ ಬಳಕೆಯಲ್ಲಿತ್ತು. ಆ ಪಡೆಗಳಲ್ಲೊಂದರ ಇತಿಹಾಸವು ಮೈಸೂರು ಯುದ್ಧಗಳೊಂದಿಗೆ ನಿಕಟ ಸಂಬಂಧ ಹೊಂದಿದೆ.

ಎಳೆಗಳ ವಿನ್ಯಾಸ

ಟಾರ್ಟನ್ ಬಟ್ಟೆಯಲ್ಲಿ ಬಣ್ಣದ ಎಳೆಗಳ ಒಂದು ನಿಶ್ಚಿತ ಕ್ರಮವು ಮತ್ತೆ ಮತ್ತೆ ಆವರ್ತಿಸುತ್ತದೆ. ಈ ಕ್ರಮಕ್ಕೆ ‘ಸೆಟ್’ ಎಂದು ಹೆಸರು. ಸಾಮಾನ್ಯವಾಗಿ ಹಾಸಿನಲ್ಲಿರುವ ಕ್ರಮವೇ ಹೊಕ್ಕಿನಲ್ಲಿಯೂ ಇರುತ್ತದೆ. ವಿನ್ಯಾಸವನ್ನು ಎಳೆಗಳ ಎಣಿಕೆಯಿಂದ ದಾಖಲಿಸುತ್ತಾರೆ. ಉದಾಹರಣೆಗೆ, ‘ನೀಲಿ 24, ಕಪ್ಪು 4’ ಎಂದರೆ ಇಪ್ಪತ್ತನಾಲ್ಕು ನೀಲಿ ಎಳೆಗಳ ನಂತರ ನಾಲ್ಕು ಕಪ್ಪು ಎಳೆಗಳು ಎಂದರ್ಥ. ಬಹುತೇಕ ಸೆಟ್‌ಗಳಲ್ಲಿ ಎಣಿಕೆಯು ಕೊನೆಯ ಬಣ್ಣವನ್ನು ಮುಟ್ಟಿದ ಮೇಲೆ ಅದೇ ಕ್ರಮದಲ್ಲಿ ಹಿಂದಿರುಗುತ್ತದೆ. ಹೀಗೆ ತಿರುಗುವ ಎಡೆಯನ್ನು ತಿರುಗುಬಿಂದು ಎನ್ನಬಹುದು.

ಮೆಕೆಂಝಿ ಟಾರ್ಟನ್ನಿನ ತಳಹದಿಯು ‘ಬ್ಲ್ಯಾಕ್ ವಾಚ್’ ಅಥವಾ ಸರ್ಕಾರಿ ಟಾರ್ಟನ್ನಿನ ನೀಲಿ, ಕಪ್ಪು ಮತ್ತು ಹಸಿರು ವಿನ್ಯಾಸವಾಗಿದೆ. ಅದಕ್ಕೆ ಹಸಿರು ಪಟ್ಟಿಯ ನಡುವೆ ಬಿಳಿಯ ಗೆರೆ, ನೀಲಿ ಪಟ್ಟಿಯ ಮೇಲೆ ಕೆಂಪು ಗೆರೆ ಸೇರಿವೆ. ಬಿಳಿಯ ಗೆರೆಯ ಇಕ್ಕೆಲಗಳಲ್ಲಿ ಕಪ್ಪು ಅಂಚುಗಳಿರುವುದರಿಂದ ಅದು ಎದ್ದು ಕಾಣುತ್ತದೆ.

ಟ್ವಿಲ್ ನೇಯ್ಗೆಯಲ್ಲಿ ಒಂದು ಬಣ್ಣವು ಅದೇ ಬಣ್ಣವನ್ನು ಹಾಯ್ದೆಡೆ ಶುದ್ಧ ವರ್ಣವೂ, ಬೇರೆಯ ಬಣ್ಣವನ್ನು ಹಾಯ್ದೆಡೆ ಮಿಶ್ರವರ್ಣವೂ ಕಾಣಿಸುತ್ತವೆ. ಐದು ಬಣ್ಣದ ಎಳೆಗಳು ಪರಸ್ಪರ ಹಾಯ್ದಾಗ 5 ಶುದ್ಧ ಹಾಗೂ 10 ಮಿಶ್ರ, ಒಟ್ಟು 15 ಛಾಯೆಗಳು ಸಾಧ್ಯ.

ಇತಿಹಾಸ

1746ರ ಕಾಯಿದೆಯು ಎತ್ತರನಾಡಿನ ಗಂಡಸರಿಗೆ ಸಾಂಪ್ರದಾಯಿಕ ಉಡುಪನ್ನು ನಿಷೇಧಿಸಿತು. ಅದು ರದ್ದಾದುದು 1782ರಲ್ಲಿ. ಸೈನಿಕರಿಗೆ ಮಾತ್ರ ವಿನಾಯಿತಿ ಇತ್ತು. ಇದೇ ಅವಧಿಯಲ್ಲಿ ಲಾರ್ಡ್ ಮೆಕ್ಲಿಯೋಡ್ ಎಂಬ ಬಿರುದಿನ ಜಾನ್ ಮೆಕೆಂಝಿಯು 73ನೆಯ ಪಡೆಯನ್ನು ಕಟ್ಟಿದನು. ಈ ವಿನ್ಯಾಸವನ್ನು ಸಾಂಪ್ರದಾಯಿಕವಾಗಿ ಆ ಪಡೆಯೊಂದಿಗೆ ಜೋಡಿಸಲಾಗುತ್ತದೆ. ಸರ್ಕಾರಿ ಬಟ್ಟೆಗೆ ಗೆರೆಗಳನ್ನು ಸೇರಿಸಿ ಪಡೆಗಳನ್ನು ಗುರುತಿಸುವ ಪದ್ಧತಿ ಆಗ ಬೆಳೆಯಿತು. ಹೀಗಾಗಿ ಇಂದು ಮನೆತನದ ಪುರಾತನ ಲಾಂಛನವೆಂದು ತೋರುವ ಈ ಬಟ್ಟೆಯ ಬೇರು ಸೇನೆಯಲ್ಲಿದೆ. ಒಂದೊಂದು ಮನೆತನಕ್ಕೆ ಒಂದೊಂದು ಟಾರ್ಟನ್ ಎಂಬ ಕಲ್ಪನೆ ನೆಲೆಯೂರಿದ್ದು 19ನೆಯ ಶತಮಾನದ ಆರಂಭದಲ್ಲಿ. 1822ರಲ್ಲಿ ದೊರೆ ನಾಲ್ಕನೆಯ ಜಾರ್ಜ್ ಎಡಿನ್‌ಬರೋ ನಗರಕ್ಕೆ ನೀಡಿದ ಭೇಟಿಯು ಅದಕ್ಕೆ ಇಂಬು ಕೊಟ್ಟಿತು.

ಕರ್ನಾಟಕದೊಂದಿಗೆ ಸಂಬಂಧ

73ನೆಯ ಪಡೆಯು 1780ರಲ್ಲಿ ಮದರಾಸಿಗೆ ಬಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಕದನದಲ್ಲಿ ಅದರ ಎರಡು ತುಕಡಿಗಳು ಮೈಸೂರು ಸೇನೆಗೆ ಸೋತವು. ಸೆರೆಸಿಕ್ಕ ಕ್ಯಾಪ್ಟನ್ ಡೇವಿಡ್ ಬೇರ್ಡ್ 1784ರವರೆಗೆ ಶ್ರೀರಂಗಪಟ್ಟಣದಲ್ಲಿ ಬಂಧಿಯಾಗಿದ್ದನು. 1799ರ ಮೇ 4ರಂದು ಅದೇ ಕೋಟೆಯ ಮೇಲಿನ ಅಂತಿಮ ದಾಳಿಯನ್ನು ಮುನ್ನಡೆಸಿದವನೂ ಆತನೇ. 73ನೆಯ ಪಡೆಯು 1786ರಲ್ಲಿ 71ನೆಯದೆಂದು ಮರುಸಂಖ್ಯೆ ಪಡೆದು, ಮೂರನೆಯ ಮೈಸೂರು ಯುದ್ಧದಲ್ಲಿ ಬೆಂಗಳೂರು ಮತ್ತು ಶ್ರೀರಂಗಪಟ್ಟಣಗಳ ಮುತ್ತಿಗೆಯಲ್ಲಿ ಪಾಲ್ಗೊಂಡಿತ್ತು.