ಫೈರ್ ಇಂಜಿನ್ ಮೇಲಿನ ಏಣಿ ಕೆಳಗಿಳಿಯೋದು ಹೇಗೆ?

ಫೈರ್ ಇಂಜಿನ್ ಚಿತ್ರ ಬರಿ ಅಂದರೆ ಎರಡನೇ ಕ್ಲಾಸಿನ ಮಗುವೂ ಒಂದು ಕೆಂಪು ಡಬ್ಬ, ಚಕ್ರ, ನೆತ್ತಿಯ ಮೇಲೊಂದು ಏಣಿ ಬರೆಯುತ್ತದೆ. ಆ ಏಣಿ ನೆತ್ತಿಯ ಮೇಲೇ ಯಾಕಿರಬೇಕು, ಬೆಂಕಿ ಬಿದ್ದ ಕಡೆ ಅದನ್ನ ಯಾರು, ಹೇಗೆ ಇಳಿಸ್ತಾರೆ ಅಂತ ಮಾತ್ರ ಯಾರೂ ಕೇಳಲ್ಲ. ಮುಂದಿನ ಸಲ ಫೈರ್ ಇಂಜಿನ್ ಕಂಡರೆ ಅದರ ಹಿಂಭಾಗ ಗಮನಿಸಿ. ಎಷ್ಟೋ ಗಾಡಿಗಳಲ್ಲಿ ಅಲ್ಲೊಂದು ಪುಟ್ಟ ಏಣಿ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ದೊಡ್ಡ ಏಣಿ ಬಿಚ್ಚಬೇಕಾದರೆ ಮೊದಲು ಈ ಚಿಕ್ಕ ಏಣಿ ಹತ್ತಬೇಕು! ನಗು ಬರುತ್ತೆ, ಆದರೆ ಇಡೀ ಸಮಸ್ಯೆ ಇರೋದೇ ಅಲ್ಲಿ.

ಇಲ್ಲಿ ಹೇಳ್ತಿರೋದು ಹೈಡ್ರಾಲಿಕ್ ಬಲದಿಂದ ಆಕಾಶಕ್ಕೇಳುವ ದೊಡ್ಡ ಯಂತ್ರಗಳ ಬಗ್ಗೆ ಅಲ್ಲ. ಬೆಂಗಳೂರಿಗೆ 90 ಮೀಟರ್ ಎತ್ತರದ ಏರಿಯಲ್ ಪ್ಲಾಟ್‌ಫಾರ್ಮ್ ಬಂದಾಗ ಪೇಪರ್‌ಗಳಲ್ಲಿ ಫೋಟೋ ಸಮೇತ ಸುದ್ದಿ ಬಂತು. ಆದರೆ ಅಷ್ಟು ದೊಡ್ಡ ಗಾಡಿ ನಮ್ಮ ಪಿಜಿಗಳಿರೋ ಗಲ್ಲಿಗೆ ತಿರುಗೋದೇ ಇಲ್ಲ. ತಿರುಗಿದರೂ ಅದರ ಔಟ್‌ರಿಗರ್ ಕಾಲು ಚಾಚೋಕೆ ಜಾಗ ಇರಲ್ಲ. ಅಲ್ಲಿ ಕೆಲಸಕ್ಕೆ ಬರೋದು ಇಬ್ಬರು ಮೂವರು ಹೊತ್ತು ತಂದು ಗೋಡೆಗೆ ಒರಗಿಸೋ ಸಾದಾ ಎಕ್ಸ್‌ಟೆನ್ಷನ್ ಏಣಿ. 10.5 ಮೀಟರ್ ಏಣಿಯನ್ನ 75 ಡಿಗ್ರಿ ಕೋನದಲ್ಲಿ ಒರಗಿಸಿದರೆ ತುದಿ 10.1 ಮೀಟರ್ ಎತ್ತರಕ್ಕೆ ಹೋಗುತ್ತೆ. ಮಹಡಿಗೆ ಮೂರು ಮೀಟರ್ ಅಂತ ಹಿಡಿದರೆ ಎರಡನೇ ಮಹಡಿ ಆರಾಮ, ಮೂರನೇ ಮಹಡಿಯ ಕಿಟಕಿ ಅಂಚಿಗೆ ಹೇಗೋ ಮುಟ್ಟುತ್ತೆ. (ಕಿಟಕಿಗೆ ಕಬ್ಬಿಣದ ಗ್ರಿಲ್ ಹಾಕಿ ಬೀಗವನ್ನೂ ಜಡಿದಿರೋ ಮಾಲೀಕರ ಬಗ್ಗೆ ಬೇರೆ ಲೇಖನವನ್ನೇ ಬರೀಬೇಕು.) ಹೊಗೆ ತುಂಬಿದ ರೂಮಿನ ಕಿಟಕಿಯಲ್ಲಿ ನಿಂತವರಿಗೆ ಏಣಿ ಎಷ್ಟು ಉದ್ದ ಅನ್ನೋದಕ್ಕಿಂತ ಅದು ಗಾಡಿಯಿಂದ ಇಳಿಯೋಕೆ ಎಷ್ಟು ಹೊತ್ತು ಬೇಕು ಅನ್ನೋದು ದೊಡ್ಡ ಪ್ರಶ್ನೆ.

ಜಾಗದ ತಕರಾರಿನಿಂದ ಶುರು ಮಾಡೋಣ. ಫೈರ್ ಇಂಜಿನ್ ಅನ್ನೋದು ಮೊದಲು ನೀರಿನ ಟ್ಯಾಂಕು, ಆಮೇಲೆ ಪಂಪು, ಆಮೇಲೆ ಹೋಸ್, ಕಟ್ಟರ್, ಉಸಿರಾಟದ ಸಿಲಿಂಡರು, ಅದರ ಜೊತೆ ಐದಾರು ಜನ. ಇವೆಲ್ಲ ಡಬ್ಬದ ಆಕಾರಕ್ಕೆ ಹೊಂದಿಕೊಳ್ಳುತ್ತವೆ. ಏಣಿ ಮಾತ್ರ ಹೊಂದಿಕೊಳ್ಳಲ್ಲ. ಎರಡು ಭಾಗದ 10.5 ಮೀಟರ್ ಏಣಿಯನ್ನ ಒಂದರೊಳಗೊಂದು ಜಾರಿಸಿದರೂ ಆರು ಮೀಟರ್ ಹತ್ತಿರ ಉಳಿಯುತ್ತೆ, ಯಾಕಂದರೆ ತೆರೆದಾಗ ಎರಡೂ ಭಾಗ ಸ್ವಲ್ಪ ಉದ್ದಕ್ಕೆ ಒಂದರ ಮೇಲೊಂದು ಕೂತಿರಲೇಬೇಕು. ಗಾಡಿಯಲ್ಲಿ ಆರು ಮೀಟರ್ ನೇರವಾಗಿ ಖಾಲಿ ಇರೋ ಜಾಗ ಒಂದೇ, ಚಾವಣಿ. ಹಾಗಾಗಿ ಏಣಿ ಮೇಲೆ ಹೋಯಿತು.

ಮೇಲಿಟ್ಟಿದ್ದನ್ನ ಇಳಿಸೋದರಲ್ಲಿ ಫಸ್ಟ್ ಇಯರ್ ಮೆಕ್ಯಾನಿಕ್ಸ್ ಪೂರ್ತಿ ಅಡಗಿದೆ. ಲೆಕ್ಕಕ್ಕೆ ಏಣಿ 6 ಮೀಟರ್, 60 ಕೆಜಿ, ತೂಕ ಎಲ್ಲ ಕಡೆ ಸಮ ಅಂತಿಟ್ಟುಕೊಳ್ಳಿ. ಚಾವಣಿಯ ಹಿಂದಿನ ಅಂಚಿನಲ್ಲಿ ಒಂದು ರೋಲರ್. ಒಬ್ಬರು ಹಿಂದೆ ನಿಂತು ಎಳೀತಾರೆ. ಮೊದಲ 3 ಮೀಟರ್ ಬರೋ ತನಕ ಸುಖವೋ ಸುಖ, ರೋಲರ್ ಮೇಲೆ ಜಾರಿಕೊಂಡು ಬರುತ್ತೆ, ಕೈಗೆ ಭಾರವೇ ಇಲ್ಲ. ಅರ್ಧ ದಾಟಿದ ತಕ್ಷಣ ಗುರುತ್ವ ಕೇಂದ್ರ ರೋಲರಿನಿಂದ ಆಚೆ ಬರುತ್ತೆ, ಹೊರಗಿನ ತುದಿ ಕೆಳಗೆ ವಾಲುತ್ತೆ. 4 ಮೀಟರ್ ಹೊರಗಿದ್ದಾಗ ತುದಿ ಹಿಡಿದವರ ಕೈಗೆ 15 ಕೆಜಿ, 5 ಮೀಟರ್‌ಗೆ 24, ಪೂರ್ತಿ ಹೊರಬಂದಾಗ 30. ಅಂಕಿ ನೋಡಿದರೆ ಅಷ್ಟೇನಿಲ್ಲ. ತೊಂದರೆ ಇರೋದು ಎರಡು ಕಡೆ. ವಾಲುವ ಆ ಕ್ಷಣದಲ್ಲಿ ಒಳಗಿನ ತುದಿ ಮೇಲಕ್ಕೇಳುತ್ತೆ, ಅಲ್ಲಿ ಕೇಬಲ್ಲೋ ಕರೆಂಟಿನ ತಂತಿಯೋ ಇದ್ದರೆ ಮುಗೀತು ಕಥೆ, ಅಲ್ಯೂಮಿನಿಯಂ ಏಣಿ ಬೇರೆ. ಮತ್ತೆ, ಕೊನೇ ಇಂಚು ರೋಲರ್ ಬಿಟ್ಟ ಕೂಡಲೇ ಉಳಿದ 30 ಕೆಜಿ ಮೂರು ಮೀಟರ್ ಎತ್ತರದಿಂದ ಕೆಳಗೆ ಬರುತ್ತೆ, ಹಿಡಿಯೋಕೆ ಇನ್ನೊಬ್ಬರು ಇಲ್ಲದಿದ್ದರೆ ಯಾರದೋ ತಲೆ ಮೇಲೆ. ಹೆಲ್ಮೆಟ್, ದಪ್ಪ ಗ್ಲೌಸು, ಬೆನ್ನಿಗೆ ಸಿಲಿಂಡರ್ ಹಾಕಿಕೊಂಡು, ರಾತ್ರಿ, ಒದ್ದೆ ಚಾವಣಿಯ ಮೇಲೆ ಈ ಕೆಲಸ ಮಾಡೋದನ್ನ ಊಹಿಸಿಕೊಳ್ಳಿ.

ಇದಕ್ಕೆ ಮಾಡಿದ ಮೊದಲ ಪರಿಹಾರ ಗ್ಯಾಂಟ್ರಿ. ಏಣಿ ಸುಮ್ಮನೆ ಚಾವಣಿ ಮೇಲೆ ಮಲಗಿರೋದಿಲ್ಲ, ರೋಲರ್‌ಗಳಿರೋ ಒಂದು ಚೌಕಟ್ಟಿನ ಒಳಗೆ ಕೂತಿರುತ್ತೆ. ಏಣಿಯ ಕೆಳಗೂ ರೋಲರ್, ಮೇಲೂ ಒಂದು ತಡೆ. ಒಳಗಿನ ತುದಿ ಎದ್ದರೆ ಆ ತಡೆ ಅದನ್ನ ಅದುಮಿ ಹಿಡಿಯುತ್ತೆ. ಕೆಲವು ಗಾಡಿಗಳಲ್ಲಿ ಚೌಕಟ್ಟೇ ಹಿಂದಕ್ಕೆ ಜಾರಿ ಓರೆಯಾಗಿ ಇಳಿಯುತ್ತೆ, ಏಣಿಯ ಬುಡ ನೇರ ನೆಲ ಮುಟ್ಟುತ್ತೆ. ಆಗ ಮೇಲೆ ಹತ್ತೋ ಅಗತ್ಯವೇ ಇಲ್ಲ, ನೆಲದ ಮೇಲೆ ನಿಂತೇ ಎಲ್ಲ ಕೆಲಸ.

ಹಳೇ ಲಂಡನ್ನಿನವರು ಇದೇ ಸಮಸ್ಯೆಯನ್ನ ಬೇರೆ ಥರ ಬಿಡಿಸಿದ್ದರು. 1836ರಲ್ಲಿ ಅಲ್ಲಿ ಬೆಂಕಿಯಿಂದ ಜೀವ ಉಳಿಸೋಕೆ ಅಂತಲೇ ಒಂದು ಸಂಘ ಶುರುವಾಯಿತು. ಅವರು ಏಣಿಗಳನ್ನ ಗಾಡಿ ಮೇಲೆ ಇಡಲೇ ಇಲ್ಲ. ದೊಡ್ಡ ದೊಡ್ಡ ಚಕ್ರಗಳಿರೋ ಏಣಿಗಳನ್ನ ರಾತ್ರಿ ಹೊತ್ತು ಬೀದಿಗಳಲ್ಲೇ ನಿಲ್ಲಿಸಿ, ಪಕ್ಕದಲ್ಲೊಬ್ಬ ಕಾವಲುಗಾರನನ್ನ ಇಡುತ್ತಿದ್ದರು. ಬೆಂಕಿ ಅಂತ ಕೂಗು ಬಿದ್ದರೆ ದಾರಿಹೋಕರನ್ನೂ ಸೇರಿಸಿಕೊಂಡು ತಳ್ಳಿಕೊಂಡು ಓಡೋದು. 1866ರಲ್ಲಿ ಮೆಟ್ರೊಪಾಲಿಟನ್ ಫೈರ್ ಬ್ರಿಗೇಡ್ ಕೆಲಸ ಶುರು ಮಾಡಿತು, ಈ ಏಣಿಗಳೂ ಆಮೇಲೆ ಅದರ ಪಾಲಾದವು. ಮುಂದೆ ಮೋಟಾರು ಬಂದಾಗ ಚಕ್ರ ಸಮೇತ 50 ಅಡಿಯ ಏಣಿಯನ್ನೇ ಗಾಡಿಯ ಬೆನ್ನಿಗೆ ಏರಿಸಿದರು. ಕೊಂಡಿ ಬಿಚ್ಚಿದರೆ ಚಕ್ರ ನೆಲಕ್ಕೆ ಬರುತ್ತೆ, ಆಮೇಲೆ ತಳ್ಳೋದಷ್ಟೇ, ಹೊರೋ ಮಾತಿಲ್ಲ. ಈ ಏಣಿಗಳು ಬ್ರಿಟನ್ನಿನಲ್ಲಿ 1980ರ ದಶಕದ ತನಕ ಓಡಾಡಿಕೊಂಡಿದ್ದವು. ನನ್ನ ಪ್ರಕಾರ ಇಳಿಸೋ ಸಮಸ್ಯೆಗೆ ಇಷ್ಟು ಪ್ರಾಮಾಣಿಕವಾದ ಉತ್ತರ ಇನ್ನೊಂದಿಲ್ಲ. ಇಡೀ ಗಾಡಿಯ ಹಿಂಭಾಗವನ್ನ ಏಣಿಯೇ ನುಂಗುತ್ತಿತ್ತು ಅನ್ನೋದು ಅದಕ್ಕೆ ತೆತ್ತ ಬೆಲೆ.

ಅಮೆರಿಕದ ಡಿಸೈನರ್‌ಗಳಿಗೆ ತಲೆನೋವು ಇನ್ನೂ ಜಾಸ್ತಿ. ಅಲ್ಲಿ ಬಹುಕಾಲ ನಡೆದ ಎನ್‌ಎಫ್‌ಪಿಎ 1901 ಮಾನದಂಡದ ಪ್ರಕಾರ ಸಾಮಾನ್ಯ ಪಂಪರ್ ಗಾಡಿಯಲ್ಲೂ ಕನಿಷ್ಠ ಮೂರು ಏಣಿ ಇರಬೇಕು: ಚಾವಣಿಗೆ ಸಿಕ್ಕಿಸೋ ಕೊಕ್ಕೆಯಿರೋ ನೇರ ಏಣಿ ಒಂದು, ಎಕ್ಸ್‌ಟೆನ್ಷನ್ ಏಣಿ ಒಂದು, ಇಕ್ಕಟ್ಟಿನಲ್ಲಿ ಒಳಗೆ ಒಯ್ಯೋ ಮಡಚುವ ಏಣಿ ಒಂದು. ಮೊದಲೆಲ್ಲ ಇವನ್ನ ಗಾಡಿಯ ಬಲಪಕ್ಕಕ್ಕೆ ಎದೆ ಎತ್ತರದಲ್ಲಿ ಬ್ರಾಕೆಟ್ ಹಾಕಿ ನೇತುಹಾಕುತ್ತಿದ್ದರು. ಇಳಿಸೋಕೆ ಅದಕ್ಕಿಂತ ಸುಲಭ ಇನ್ನೊಂದಿಲ್ಲ. ಆದರೆ ಆ ಪಕ್ಕದಲ್ಲಿ ಸಾಮಾನಿನ ಕಪಾಟು ಮಾಡೋ ಜಾಗ ಹೋಯಿತು. ಗಾಡಿಯಲ್ಲಿಡೋ ಉಪಕರಣ ಹೆಚ್ಚಾದ ಹಾಗೆ ಕಪಾಟು ಗೆದ್ದಿತು, ಏಣಿ ಮತ್ತೆ ಮೇಲೆ ಹೋಯಿತು. ಈ ಸಲ ಹೈಡ್ರಾಲಿಕ್ ರ‍್ಯಾಕ್ ಜೊತೆಗೆ.

ಮೆಕ್ಯಾನಿಕಲ್‌ನವರು ಒಂದು ನಿಮಿಷ ಇಲ್ಲಿ ನಿಲ್ಲಿ. ಈ ರ‍್ಯಾಕ್ ನಮ್ಮ ಫೋರ್ ಬಾರ್ ಲಿಂಕೇಜೇ. ಮುಂದೊಂದು ಹಿಂದೊಂದು ಲಿಂಕೇಜ್, ಮಧ್ಯೆ ಏಣಿ ಕೂರೋ ತೊಟ್ಟಿಲು. ಸ್ವಿಚ್ ಒತ್ತಿದರೆ ತೊಟ್ಟಿಲು ಎದ್ದು, ಪಕ್ಕಕ್ಕೆ ಬಂದು, ಕಮಾನಿನಂತೆ ಸುತ್ತಿ ಎದೆ ಎತ್ತರಕ್ಕೆ ಇಳಿಯುತ್ತೆ. ಏಣಿ ಮತ್ತು ತೊಟ್ಟಿಲು ಸೇರಿ 100 ಕೆಜಿ, ತೋಳು 1.2 ಮೀಟರ್ ಅಂತ ಹಿಡಿಯಿರಿ. ತೋಳು ಅಡ್ಡಡ್ಡ ಇರುವಾಗ ಮೊಮೆಂಟ್ ಸುಮಾರು 1200 ನ್ಯೂಟನ್ ಮೀಟರ್. ಸಿಲಿಂಡರ್ ತಳ್ಳೋ ಬಿಂದು ಪಿವಟ್‌ನಿಂದ 15 ಸೆಂಟಿಮೀಟರ್ ದೂರ ಇದ್ದರೆ ಬೇಕಾದ ಬಲ 8 ಕಿಲೋನ್ಯೂಟನ್ ಹತ್ತಿರ. ಅದು ದೊಡ್ಡದಲ್ಲ. ಡಿಸೈನ್ ಪರೀಕ್ಷೆ ನಡೆಯೋದು ಬೇರೆ ಕಡೆ. ಇಳಿಯುವಾಗ ಭಾರವೇ ಸಿಲಿಂಡರನ್ನ ಎಳೀತಿರುತ್ತೆ, ಹಾಗಾಗಿ ಪೈಪ್ ಒಡೆದರೂ ತೊಟ್ಟಿಲು ದಬಕ್ಕಂತ ಬೀಳದ ಹಾಗೆ ತಡೆಯೋ ವಾಲ್ವ್ ಬೇಕು. ಎರಡೂ ಕಡೆಯ ಲಿಂಕೇಜ್ ಒಟ್ಟಿಗೇ ಓಡಬೇಕು, ಒಂದು ಹಿಂದೆ ಬಿದ್ದರೆ ತೊಟ್ಟಿಲು ತಿರುಚಿಕೊಳ್ಳುತ್ತೆ. ಕರೆಂಟ್ ಕೈಕೊಟ್ಟರೆ ಕೈಯಿಂದ ಇಳಿಸೋ ದಾರಿ ಇರಬೇಕು. ರ‍್ಯಾಕ್ ಹೊರಗಿರುವಾಗಲೇ ಡ್ರೈವರ್ ಹೊರಟುಬಿಟ್ಟರೆ? ಅದಕ್ಕೆ ಕ್ಯಾಬಿನ್ನಿನಲ್ಲಿ ಗಾಡಿ ಕದಲಿಸಬೇಡಿ ಅಂತ ಮಿನುಗೋ ಕೆಂಪು ದೀಪ. ಇಷ್ಟೆಲ್ಲ ಮಾಡಿದ ಮೇಲೂ ಪಕ್ಕದಲ್ಲಿ ಒಂದು ಕಾರು ಒತ್ತಿ ನಿಂತಿದ್ದರೆ ರ‍್ಯಾಕ್ ಇಳಿಯಲ್ಲ, ಮೇಲೆ ತಂತಿ ಇದ್ದರೆ ಏಳಲ್ಲ. ನಮ್ಮ ಗಲ್ಲಿಗಳಿಗೆ ಈ ಯಂತ್ರ ತರೋ ಯೋಚನೆ ಇದ್ದರೆ ಮೊದಲು ಟೇಪ್ ಹಿಡಿದು ಗಲ್ಲಿಯನ್ನ ಅಳೆಯೋದು ಒಳ್ಳೇದು.

ಇನ್ನೊಂದು ಉಪಾಯ ನೀರಿನ ಟ್ಯಾಂಕಿನ ಒಳಗೇ ಸುರಂಗ ಮಾಡೋದು. ಟ್ಯಾಂಕಿನ ಉದ್ದಕ್ಕೂ ಒಂದು ಒಣ ಕೊಳವೆ, ಅದರಲ್ಲಿ ಏಣಿ ಮಲಗಿರುತ್ತೆ, ಹಿಂದಿನ ಬಾಗಿಲು ತೆಗೆದು ಡ್ರಾಯರ್ ಥರ ಎಳೆಯೋದು. ಬಿಸಿಲಿಲ್ಲ, ಧೂಳು ಕಮ್ಮಿ, ಎತ್ತರವೂ ಕೈಗೆಟುಕುವಷ್ಟೇ. ಆದರೆ ಲೆಕ್ಕ ಹಾಕಿ: 24 ಅಡಿಯ ಏಣಿ ಮಡಚಿದಾಗ ಸುಮಾರು 4.3 ಮೀಟರ್. ಸುರಂಗ 60 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ಎತ್ತರ ಇದ್ದರೆ ಹೋದ ಜಾಗ 645 ಲೀಟರ್. ನಿಮಿಷಕ್ಕೆ 400 ಲೀಟರ್ ಚೆಲ್ಲೋ ಒಂದು ಹೋಸ್‌ಗೆ ಅದು ಒಂದೂವರೆ ನಿಮಿಷದ ನೀರು. ಟ್ಯಾಂಕ್ ಎತ್ತರ ಮಾಡಿ ಆ ನೀರನ್ನ ವಾಪಸ್ ತರಬಹುದು, ಆಗ ಗುರುತ್ವ ಕೇಂದ್ರ ಮೇಲೇರಿ ತಿರುವಿನಲ್ಲಿ ಗಾಡಿ ವಾಲೋ ಭಯ. ಜೊತೆಗೆ ಹಿಂದೆ ಏಣಿಯಷ್ಟು ಉದ್ದ ಜಾಗ ಖಾಲಿ ಇರಲೇಬೇಕು. ಎರಡನೇ ಗಾಡಿ ಬಂದು ಹಿಂದೆ ಅಂಟಿಕೊಂಡು ನಿಂತರೆ ಏಣಿ ಸುರಂಗದಲ್ಲೇ ಬಂದಿ. ಈ ತೊಂದರೆಗೆ ಎಂಜಿನಿಯರಿಂಗ್ ಪರಿಹಾರ ಇಲ್ಲ, ಹಿಂದಿನ ಡ್ರೈವರ್‌ಗೆ ಜಾಗ ಬಿಟ್ಟು ನಿಲ್ಲಿಸೋ ಅಭ್ಯಾಸ ಮಾಡಿಸಬೇಕು ಅಷ್ಟೇ.

ಏಣಿ ಸವೆಯೋದು ಹತ್ತುವುದರಿಂದ ಅಂತ ನಾವಂದುಕೊಳ್ತೀವಿ. ಫೈರ್ ಇಂಜಿನ್ನಿನ ಏಣಿ ತನ್ನ ಆಯುಸ್ಸಿನ ಬಹುಪಾಲು ಸುಮ್ಮನೆ ಪ್ರಯಾಣ ಮಾಡುತ್ತಿರುತ್ತೆ. ಪ್ರತಿ ಹಂಪ್‌ಗೂ ಬ್ರಾಕೆಟ್ ತಾಗೋ ಜಾಗದಲ್ಲಿ ಲೋಹ ಉಜ್ಜುತ್ತೆ, ಅದಕ್ಕೇ ತಪಾಸಣೆಯಲ್ಲಿ ಮೊದಲು ನೋಡಬೇಕಾದ ಜಾಗ ಅದು. ಬಿಸಿಯೂ ಶತ್ರುವೇ. ಅಲ್ಯೂಮಿನಿಯಂ ಕಾದರೆ ಬಲ ಕಳೆದುಕೊಳ್ಳುತ್ತೆ, ನೋಡೋಕೆ ಮಾತ್ರ ಹಾಗೇ ಇರುತ್ತೆ. ಅಮೆರಿಕದ ಏಣಿಗಳ ಮೇಲೆ 149 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಣ್ಣ ಬದಲಾಯಿಸೋ ಚೀಟಿ ಅಂಟಿಸಿರುತ್ತಾರೆ. ಏಣಿಯ ಗೂಡನ್ನ ಎಕ್ಸಾಸ್ಟ್ ಪೈಪಿನ ಪಕ್ಕ ಕೊಡಬಾರದು ಅನ್ನೋದಕ್ಕೆ ಇದೇ ಕಾರಣ. ಸ್ಯಾನ್ ಫ್ರಾನ್ಸಿಸ್ಕೋದವರು ಈ ಲೋಹದ ಸಹವಾಸವೇ ಬೇಡ ಅಂತ ಇವತ್ತಿಗೂ ತಮ್ಮದೇ ವರ್ಕ್‌ಶಾಪಿನಲ್ಲಿ ಮರದ ಏಣಿ ಮಾಡಿಕೊಳ್ತಾರೆ. ಅಲ್ಲಿನ ಬೀದಿಗಳ ಮೇಲೆ ಹಾದುಹೋಗೋ ವಿದ್ಯುತ್ ತಂತಿಗಳು ಅದಕ್ಕೊಂದು ಮುಖ್ಯ ಕಾರಣ. ಮರ ಭಾರ, ಹೊರೋಕೆ ಜನ ಹೆಚ್ಚು ಬೇಕು. ಅದನ್ನ ಒಪ್ಪಿಕೊಂಡೇ ಉಳಿಸಿಕೊಂಡಿದ್ದಾರೆ.

ನಮ್ಮ ಲೈನ್‌ಮನ್‌ಗಳು ಬಿದಿರಿನ ಏಣಿ ಬಳಸೋದರ ಹಿಂದೆಯೂ ಇದೇ ತರ್ಕ. ಒಣ ಬಿದಿರಿನಲ್ಲಿ ಕರೆಂಟ್ ಸುಲಭವಾಗಿ ಹರಿಯಲ್ಲ (ಒದ್ದೆಯಾದರೆ ಆ ನಂಬಿಕೆ ಬೇಡ). ಆದರೆ ಲೈನ್‌ಮನ್, ಬೀದಿದೀಪ, ಕೇಬಲ್ ಕೆಲಸದವರ ಲೆಕ್ಕಾಚಾರ ಫೈರ್ ಇಂಜಿನ್ನಿನದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಏಣಿ ಯಾವಾಗಲೋ ಒಮ್ಮೆ ಇಳಿಯುತ್ತೆ, ಇಳಿಯುವಾಗ ಸೆಕೆಂಡು ಲೆಕ್ಕ. ಇಲ್ಲಿ ದಿನಕ್ಕೆ ಹತ್ತಿಪ್ಪತ್ತು ಸಲ ಇಳಿದು ಏರುತ್ತೆ, ಅವಸರ ಇಲ್ಲ, ಆದರೆ ಪ್ರತಿ ಸಲವೂ ತಲೆಗಿಂತ ಮೇಲೆ ಕೈ ಎತ್ತಿ ಭಾರ ತಡೆಯಬೇಕು. ಭುಜ, ಸೊಂಟ ಹೋಗೋದು ಹೀಗೆ. ಚಾವಣಿ ಎಟುಕದೆ ಟೈರ್ ಮೇಲೆ ಒಂದು ಕಾಲಿಟ್ಟು ಏಣಿ ಎಳೆಯೋದನ್ನ ನೀವೂ ನೋಡಿರುತ್ತೀರಿ. ಜೊತೆಗೆ ಏಣಿ ಗಾಡಿಗಿಂತ ಉದ್ದ, ಹಿಂದೆ ಚಾಚಿದ ತುದಿಗೆ ಒಂದು ಕೆಂಪು ಬಟ್ಟೆ ಕಟ್ಟಿದರೆ ಆಯಿತು ಅನ್ನೋ ಧೈರ್ಯ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194(1ಎ) ಕಲಂ ಪ್ರಕಾರ ಮಿತಿ ಮೀರಿ ಚಾಚಿದ ಸರಕಿಗೆ 20,000 ರೂಪಾಯಿ ದಂಡ. ಹಿಂದೆ ಬರೋ ಬೈಕಿನವರ ಮುಖದ ಎತ್ತರಕ್ಕೇ ಆ ತುದಿ ಇರುತ್ತೆ ಅನ್ನೋದು ದಂಡಕ್ಕಿಂತ ದೊಡ್ಡ ಕಾರಣ.

ಹೊರದೇಶದ ಸರ್ವೀಸ್ ವ್ಯಾನುಗಳಲ್ಲಿ ಇದಕ್ಕೆ ಡ್ರಾಪ್ ಡೌನ್ ರ‍್ಯಾಕ್ ಇದೆ. ಹೈಡ್ರಾಲಿಕ್ ಪಂಪ್ ಇಲ್ಲ, ಒಂದು ಉದ್ದ ಹಿಡಿ ತಿರುಗಿಸಿದರೆ ಏಣಿ ಚಾವಣಿಯಿಂದ ಸುತ್ತಿ ಪಕ್ಕಕ್ಕೆ ಇಳಿಯುತ್ತೆ, ಗ್ಯಾಸ್ ಸ್ಟ್ರಟ್ ಭಾರವನ್ನ ತಡೆದು ನಿಧಾನ ಮಾಡುತ್ತೆ. ಕಾರಿನ ಡಿಕ್ಕಿ ಬಾಗಿಲಿಗಿರುತ್ತಲ್ಲ, ಅದೇ ಸ್ಟ್ರಟ್. ಮಿನಿ ಟ್ರಕ್ಕಿಗೆ ಹೊಂದೋ ಹಾಗೆ ಇಂಥದ್ದೊಂದು ರ‍್ಯಾಕನ್ನ ನಮ್ಮ ವರ್ಕ್‌ಶಾಪಿನಲ್ಲೇ ಎಂಎಸ್ ಪೈಪ್, ಬುಷ್, ಎರಡು ಸ್ಟ್ರಟ್ ಹಾಕಿ ಮಾಡಬಹುದು. ಫೈನಲ್ ಇಯರ್ ಪ್ರಾಜೆಕ್ಟಿಗೆ ಹುಡುಕುತ್ತಿರೋರು ಸಾಲಿಡ್‌ವರ್ಕ್ಸ್ ತೆರೆಯೋ ಮುಂಚೆ ಒಬ್ಬ ಲೈನ್‌ಮನ್ ಅಣ್ಣನ ಜೊತೆ ಒಂದು ದಿನ ಓಡಾಡಿ, ಅವರ ಭುಜದ ಎತ್ತರ ಎಷ್ಟು, ದಿನಕ್ಕೆ ಎಷ್ಟು ಸಲ ಏಣಿ ಇಳಿಸ್ತಾರೆ, ಎಡಪಕ್ಕ ನಿಲ್ಲಿಸ್ತಾರೋ ಬಲಪಕ್ಕವೋ ಅಂತ ಬರೆದುಕೊಂಡು ಬನ್ನಿ. ಪಿವಟ್ ಎಲ್ಲಿರಬೇಕು ಅನ್ನೋದು ಆ ಮೂರು ಅಂಕಿಗಳಿಂದಲೇ ಹೆಚ್ಚುಕಮ್ಮಿ ಗೊತ್ತಾಗುತ್ತೆ.